ಹಿತ್ತಲ ನಾಟಿಯೋ, ಗಿರಿರಾಜವೋ, ಗುತ್ತಿಗೆಯ ಬ್ರಾಯ್ಲರೋ, ಸೊಪ್ಪಿನ ಮಡಿಯೋ: ಕಡಿಮೆ ಜಮೀನಿನ ಮನೆಗೊಂದು ಹೋಲಿಕೆಯ ಮಾರ್ಗದರ್ಶಿ

ಒಂದೆರಡು ಎಕರೆ ಖುಷ್ಕಿ ಜಮೀನು, ಮುಂಗಾರಿನಲ್ಲಿ ರಾಗಿ ಅಥವಾ ಜೋಳ, ಉಳಿದ ತಿಂಗಳುಗಳಲ್ಲಿ ಕೂಲಿ: ಬಯಲುಸೀಮೆಯ ಬಹಳಷ್ಟು ಬಡ ಕುಟುಂಬಗಳ ವರ್ಷ ಹೀಗೆಯೇ ಕಳೆಯುತ್ತದೆ. ಇಂಥ ಮನೆಯವರು ಇನ್ನೊಂದು ಆದಾಯಕ್ಕೆ ಕೈಹಾಕಬೇಕೆಂದು ಹೊರಟಾಗ ಸಲಹೆಗೆ ಕೊರತೆಯಿರುವುದಿಲ್ಲ. ಸಂಘದ ಸಭೆಯಲ್ಲಿ ಒಬ್ಬರು ಸುಧಾರಿತ ತಳಿಯಾದ ಗಿರಿರಾಜ ಕೋಳಿ ಸಾಕಿ ಎನ್ನುತ್ತಾರೆ, ಪಕ್ಕದೂರಿನಲ್ಲಿ ಶೆಡ್ಡು ಹಾಕಿದವರನ್ನು ತೋರಿಸಿ ಮತ್ತೊಬ್ಬರು ಬ್ರಾಯ್ಲರ್ ಎನ್ನುತ್ತಾರೆ, ಬೋರ್‌ವೆಲ್ ಇರುವ ನೆಂಟರು ಸೊಪ್ಪು ಹಾಕಿ ಎನ್ನುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ; ಆದರೆ ಪ್ರತಿಯೊಬ್ಬರೂ ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಹೇಳುತ್ತಾರೆ. ಕೂಡಿಟ್ಟ ಹಣವಿಲ್ಲದ ಮನೆಗೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು, ಕೈಕಚ್ಚಿದರೆ ಎಷ್ಟು ಹೋಗುತ್ತದೆ ಮತ್ತು ಅಷ್ಟು ಹೋದಮೇಲೂ ಆ ಮನೆ ಮರುವರ್ಷ ಅದೇ ಕಸುಬನ್ನು ಮುಂದುವರಿಸಬಲ್ಲದೇ ಎಂಬುದು. ಈ ಬರಹದಲ್ಲಿ ಆಯ್ಕೆಗಳನ್ನು ತೂಗಿರುವುದು ಮುಖ್ಯವಾಗಿ ಆ ತಕ್ಕಡಿಯಲ್ಲಿ.

ಮುಂದೆ ಬರುವ ರೂಪಾಯಿ ಲೆಕ್ಕಗಳೆಲ್ಲ ಹೋಲಿಕೆಗಾಗಿ ಹಿಡಿದುಕೊಂಡ ಅಂದಾಜುಗಳು. ದರ ಊರಿಂದೂರಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುವುದರಿಂದ ನಿಮ್ಮ ಸಂತೆಯ ದರವನ್ನು ಹಾಕಿಕೊಂಡು ಲೆಕ್ಕವನ್ನು ಮತ್ತೆ ಮಾಡಿಕೊಳ್ಳಬೇಕು.

ಹಣ ಯಾವಾಗ ಬರುತ್ತದೆ ಎಂಬ ಪ್ರಶ್ನೆ

ಲಾಭಕ್ಕಿಂತ ಮೊದಲು ಕಾಲದ ಲೆಕ್ಕವನ್ನು ನೋಡಬೇಕು. ದಂಟು, ಕೀರೆ, ಮೆಂತ್ಯದಂಥ ಸೊಪ್ಪು ಬಿತ್ತಿದ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬ್ರಾಯ್ಲರ್ ಕೋಳಿ 40ರಿಂದ 42 ದಿನಕ್ಕೆ ಎರಡು ಕಿಲೋ ದಾಟುತ್ತದೆ. ನಾಟಿ ಹುಂಜ ಮಾರಾಟದ ತೂಕಕ್ಕೆ ಬರಲು ಐದಾರು ತಿಂಗಳು ಬೇಕು. ಪಿಕೆಎಂ-1 ತಳಿಯ ನುಗ್ಗೆ ಬೀಜ ಊರಿದ ಆರು ತಿಂಗಳ ಆಸುಪಾಸಿನಲ್ಲಿ ಕಾಯಿ ಕಾಣಿಸುತ್ತದೆ. ಮೇಕೆ ಮರಿ ಹಾಕಲು ಐದು ತಿಂಗಳು, ಆ ಮರಿ ಮಾರುವಷ್ಟಾಗಲು ಇನ್ನೂ ಎಂಟು ಹತ್ತು ತಿಂಗಳು.

ಈ ಅಂತರ ಮುಖ್ಯವಾಗುವುದು ಸಾಲ ಮಾಡಿದಾಗ. ವಾರವಾರ ಕಂತು ಕಟ್ಟಬೇಕಾದ ಸಾಲದಲ್ಲಿ ನಾಟಿ ಕೋಳಿ ಕೊಂಡರೆ, ಕೋಳಿ ಹಣ ಕೊಡುವುದಕ್ಕೆ ಮೊದಲೇ ಇಪ್ಪತ್ತು ಕಂತು ಕಳೆದಿರುತ್ತವೆ. ಅಷ್ಟೂ ಕಂತುಗಳು ಕೂಲಿಯ ದುಡ್ಡಿನಿಂದ ಹೋಗಬೇಕು, ಇಲ್ಲವೇ ಮೊಟ್ಟೆಗೆಂದು ಉಳಿಸಿಕೊಂಡ ಹೇಂಟೆಯನ್ನೇ ಮಾರಬೇಕು. ಕೋಳಿ ಸಾಕಣೆ ಕೈಗೆ ಹತ್ತಲಿಲ್ಲ ಎನ್ನುವ ಮನೆಗಳಲ್ಲಿ ಕೋಳಿಯ ತಪ್ಪಿಗಿಂತ ಕಂತಿನ ತಪ್ಪು ಹೆಚ್ಚಿರುತ್ತದೆ ಎಂಬುದು ನನ್ನ ಅನಿಸಿಕೆ. ಸಂಘದಿಂದ ಸಾಲ ತೆಗೆಯುವುದಾದರೆ ಮೊದಲ ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿ, ಅನಂತರ ಅಸಲು ಕಟ್ಟುವಂತೆ ಠರಾವು ಮಾಡಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ ನೋಡಬೇಕು.

ನಾಟಿ ಕೋಳಿ: ಹೆಚ್ಚು ಮೊಟ್ಟೆಯಲ್ಲ, ಹೆಚ್ಚು ಮರಿ ಉಳಿಯಬೇಕು

ನಾಟಿ ಹೇಂಟೆ ವರ್ಷಕ್ಕೆ 50ರಿಂದ 60 ಮೊಟ್ಟೆ ಇಡುತ್ತದೆ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು, ಕಾವಿಗೆ ಕೂತು, 21 ದಿನಕ್ಕೆ ಮರಿ ಮಾಡಿ, ಆ ಮರಿಗಳನ್ನು ಎರಡು ಎರಡೂವರೆ ತಿಂಗಳು ಮೇಯಿಸಿಕೊಂಡು ತಿರುಗಿ, ಮತ್ತೆ ಮೊಟ್ಟೆಗೆ ಬರುತ್ತದೆ. ಹೀಗೆ ವರ್ಷಕ್ಕೆ ಮೂರು ಸುತ್ತು, ಚೆನ್ನಾಗಿ ನೋಡಿಕೊಂಡರೆ ನಾಲ್ಕು. ಕಾಗದದ ಮೇಲೆ ನೋಡಿದರೆ ಇದು ಬಡಕಲು ಲೆಕ್ಕ, ಮತ್ತು ನಾಟಿಯನ್ನು ಬಿಟ್ಟು ಸುಧಾರಿತ ತಳಿಗೆ ಬನ್ನಿ ಎನ್ನುವವರು ತೋರಿಸುವುದೂ ಇದನ್ನೇ. ಆದರೆ ಈ ಕೋಳಿ ಕಾವಿಗೆ ತಾನೇ ಕೂರುತ್ತದೆ, ಮರಿಯನ್ನು ತಾನೇ ಮೇಯಿಸುತ್ತದೆ, ಹದ್ದು ಕಂಡರೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಮರಿ ಕೊಳ್ಳುವ ಖರ್ಚು, ಬಲ್ಬಿನ ಕರೆಂಟು, ಕೈತಿಂಡಿಯ (ಕೈಯಿಂದ ಹಾಕುವ ಆಹಾರದ) ಬಹುಪಾಲು, ಈ ಮೂರನ್ನೂ ಅದು ಉಳಿಸಿಕೊಡುವುದರಿಂದ, ನಷ್ಟವಾದರೂ ಹೋಗುವುದು ಕೋಳಿಯೇ ಹೊರತು ಸಾಲ ತಂದ ಹಣವಲ್ಲ.

ನಾಲ್ಕು ಹೇಂಟೆ ಒಂದು ಹುಂಜ ಇರುವ ಮನೆಯನ್ನು ತೆಗೆದುಕೊಳ್ಳೋಣ. ವರ್ಷಕ್ಕೆ ಮೂರು ಸುತ್ತಿನಂತೆ ಹನ್ನೆರಡು ಬಾರಿ ಕಾವು, ಪ್ರತಿ ಬಾರಿ ಎಂಟು ಮರಿ ಎಂದರೆ 96 ಮರಿ. ಇವುಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ದೊಡ್ಡದಾದರೆ 32 ಕೋಳಿ. ಒಂದಕ್ಕೆ 400 ರೂಪಾಯಿ ಹಿಡಿದರೆ 12,800 ರೂಪಾಯಿ. ಅದೇ ಮನೆಯಲ್ಲಿ, ಅದೇ ತಳಿಯಲ್ಲಿ, 60 ಮರಿ ಉಳಿದರೆ 24,000 ರೂಪಾಯಿ. ತಳಿ ಬದಲಾಯಿಸದೆ, ಸಾವನ್ನು ತಡೆದದ್ದರಿಂದಲೇ ಸಿಕ್ಕ ವ್ಯತ್ಯಾಸವಿದು. ನಾಟಿ ಕೋಳಿಯ ನಷ್ಟದ ಬಹುಪಾಲು ಮೊದಲ ಎಂಟು ವಾರಗಳಲ್ಲಿ ಆಗುತ್ತದೆ, ಮತ್ತು ಅದಕ್ಕೆ ಕಾರಣಗಳು ಮೂರೇ: ಬೇಟೆ, ಚಳಿ, ರೋಗ.

ಬೇಟೆಗೆ ಉಪಾಯ ಹಳೆಯದೇ. ಹೂಮರಿಗಳನ್ನು ಮೊದಲ ಮೂರು ನಾಲ್ಕು ವಾರ ತಾಯಿಯೊಂದಿಗೆ ಮಂಕರಿಯಡಿ ಅಥವಾ ಬಿದಿರಿನ ಪಂಜರದಡಿ ಇಟ್ಟು, ಒಳಗೇ ನುಚ್ಚು ಮತ್ತು ನೀರು ಕೊಡಬೇಕು. ಹದ್ದು, ಕಾಗೆ, ಮುಂಗುಸಿ, ಬೀದಿನಾಯಿಗಳಿಗೆ ಬಲಿಯಾಗುವ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ರಾತ್ರಿಗೆ ನೆಲದಿಂದ ಒಂದೆರಡು ಅಡಿ ಎತ್ತರದ, ಗಾಳಿಯಾಡುವ, ಬಾಗಿಲು ಭದ್ರವಾದ ಗೂಡು ಬೇಕು. ಒಂದು ದೊಡ್ಡ ಕೋಳಿಗೆ ಒಂದು ಒಂದೂವರೆ ಚದರಡಿ ಸಾಕಾದ್ದರಿಂದ ಮನೆಯ ಹಿಂಗೋಡೆಗೆ ಆತುಕೊಂಡೇ ಕಟ್ಟಬಹುದು.

ರೋಗದ ವಿಷಯವೇ ಬೇರೆ. ರಾಣಿಖೇತ್, ಅಂದರೆ ಕೊಕ್ಕರೆ ರೋಗ, ಕೇರಿಗೆ ಬಂತೆಂದರೆ ಒಂದೇ ವಾರದಲ್ಲಿ ಕೇರಿಯ ಕೋಳಿಗಳೆಲ್ಲ ಖಾಲಿಯಾಗಬಹುದು. ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಲಸಿಕೆಯಿದೆ. ಐದರಿಂದ ಏಳನೆಯ ದಿನಕ್ಕೆ ಲಸೋಟಾ ಅಥವಾ ಎಫ್-1 ಲಸಿಕೆಯನ್ನು ಕಣ್ಣಿಗೆ ಇಲ್ಲವೇ ಮೂಗಿಗೆ ಒಂದು ಹನಿ, ನಾಲ್ಕನೆಯ ವಾರಕ್ಕೆ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಆರ್2ಬಿ ಚುಚ್ಚುಮದ್ದು, ಆರನೆಯ ವಾರದ ಸುಮಾರಿಗೆ ಸಿಡುಬಿನ ಲಸಿಕೆ: ಹಿತ್ತಲ ಕೋಳಿಗೆ ಇಷ್ಟು ನಡೆದರೆ ದೊಡ್ಡ ಮಾತು. ಲಸಿಕೆಯ ಬೆಲೆ ಒಂದು ಕೋಳಿಗೆ ಲೆಕ್ಕ ಹಾಕಿದರೆ ತೀರ ಕಡಿಮೆ. ಹಾಗಿದ್ದೂ ಬಡವರ ಮನೆಯ ಕೋಳಿಗೆ ಲಸಿಕೆ ಬೀಳದಿರುವುದಕ್ಕೆ ಅಜ್ಞಾನವಷ್ಟೇ ಕಾರಣವಲ್ಲ. ಲಸಿಕೆಯ ಸೀಸೆ ಬರುವುದು ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳ ಲೆಕ್ಕದಲ್ಲಿ, ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೆರಡು ಕೋಳಿ ಇರುವ ಮನೆ ಒಂಟಿಯಾಗಿ ಇದನ್ನು ಮಾಡಲಾರದು. ಹತ್ತು ಮನೆ ಸೇರಿ, ಬೆಳಗಿನ ಜಾವ ಗೂಡು ತೆಗೆಯುವ ಮೊದಲೇ ಒಂದು ದಿನ ಗೊತ್ತುಮಾಡಿಕೊಂಡರೆ ಸಲೀಸಾಗಿ ಆಗುತ್ತದೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲಿ ಪಶುಸಖಿಯರು, ಎಂದರೆ ಜಾನುವಾರು ಆರೈಕೆಯ ತರಬೇತಿ ಪಡೆದ ಮಹಿಳೆಯರು, ಇರುವ ಊರುಗಳಲ್ಲಿ ಅವರಿಂದ ಮೊದಲು ಬೇಡಬೇಕಾದ ಸೇವೆ ಇದೇ. ಮರಿ ಹಂಚುವುದಕ್ಕಿಂತ ಈ ಒಂದು ಕೆಲಸ ಹೆಚ್ಚು ಮನೆಗಳನ್ನು ಮೇಲೆತ್ತುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಾಟಿಗೂ ಒಂದು ಮಿತಿಯಿದೆ. ಕೇರಿಯಲ್ಲಿ, ಹಿತ್ತಲಲ್ಲಿ, ತಿಪ್ಪೆಯಲ್ಲಿ ಸಿಗುವ ಕಾಳು, ಹುಳ, ಗೆದ್ದಲು, ಸೊಪ್ಪುಗಳು ಎಷ್ಟು ಕೋಳಿಗಳನ್ನು ಸಾಕಬಲ್ಲವೋ ಅಷ್ಟೇ. ಇಪ್ಪತ್ತು ದೊಡ್ಡ ಕೋಳಿಗಳನ್ನು ದಾಟಿದರೆ, ಅದರಲ್ಲೂ ಬೇಸಿಗೆಯಲ್ಲಿ, ಮನೆಯ ಕಾಳು ಖರ್ಚಾಗತೊಡಗುತ್ತದೆ, ಜೊತೆಗೆ ನೆರೆಯವರ ಮೆಂತ್ಯದ ಮಡಿಯೂ. ಕೋಳಿ ಪರಚಿದ ಮಡಿಯ ಜಗಳ ಎಷ್ಟು ದೂರ ಹೋಗುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಸಗಣಿ ಮತ್ತು ಹುಲ್ಲು ತುಂಬಿದ ಮಡಕೆಯನ್ನು ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕಿ, ಬೆಳಗ್ಗೆ ಅದರಲ್ಲಿ ಸೇರಿದ ಗೆದ್ದಲನ್ನು ಮರಿಗಳಿಗೆ ಕೊಡುವುದು, ತೊಟ್ಟಿಯಲ್ಲಿ ಅಜೋಲಾ ಎಂಬ ನೀರಿನ ಮೇವು ಬೆಳೆಯುವುದು ಇವೆಲ್ಲ ಆ ಮಿತಿಯನ್ನು ಸ್ವಲ್ಪ ಹಿಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ.

ಮಾರಾಟದಲ್ಲಿ ನಾಟಿಗಿರುವ ಅನುಕೂಲ ಮತ್ಯಾವುದಕ್ಕೂ ಇಲ್ಲ, ಏಕೆಂದರೆ ಕೊಳ್ಳುವವರು ಮನೆಬಾಗಿಲಿಗೇ ಬರುತ್ತಾರೆ. ಯುಗಾದಿಯ ಮರುದಿನದ ವರ್ಷತೊಡಕು, ಊರ ಮಾರಿಹಬ್ಬ, ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಪಿತೃಪಕ್ಷ ಇವು ದರ ಏರುವ ದಿನಗಳು, ಶ್ರಾವಣದಲ್ಲಿ ಕೇಳುವವರಿಲ್ಲ. ವರ್ಷತೊಡಕಿಗೆ ಐದಾರು ತಿಂಗಳ ಹುಂಜ ಸಿದ್ಧವಿರಬೇಕಾದರೆ ಸೆಪ್ಟೆಂಬರ್ ವೇಳೆಗೆ ಹೇಂಟೆಯನ್ನು ಕಾವಿಗೆ ಕೂರಿಸಿರಬೇಕು. ಕೋಳಿ ಮಾರಿದ ಚಿಲ್ಲರೆ ಸಾಮಾನ್ಯವಾಗಿ ಮನೆಯ ಹೆಂಗಸರ ಕೈಯಲ್ಲೇ ಉಳಿಯುತ್ತದೆ ಎಂಬುದನ್ನೂ ಈ ಹೋಲಿಕೆಯಲ್ಲಿ ಬರೆದುಕೊಳ್ಳಬೇಕು. ಮಗುವಿನ ಔಷಧಿಗೋ ಬಸ್ಸಿನ ಚಾರ್ಜಿಗೋ ಯಾರನ್ನೂ ಕೇಳದೆ ಒಂದು ಕೋಳಿ ಮಾರುವ ಸ್ವಾತಂತ್ರ್ಯ ಶೆಡ್ಡಿನ ಕೋಳಿಯಲ್ಲಿ ಇಲ್ಲ.

ಗಿರಿರಾಜ, ಸ್ವರ್ಣಧಾರ ಮತ್ತು ಹೈದರಾಬಾದಿನ ತಳಿಗಳು

ಹಿತ್ತಲಿಗೆಂದೇ ರೂಪಿಸಿದ ತಳಿಗಳಲ್ಲಿ ನಮ್ಮ ರಾಜ್ಯದ್ದು ಒಳ್ಳೆಯ ಹೆಸರು. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಆಗ ಅದು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದಾಗ, ಗಿರಿರಾಜ ಸಿದ್ಧವಾಯಿತು. ಅನಂತರ 2005ರಲ್ಲಿ ಸ್ವರ್ಣಧಾರ ಹೊರಬಂತು. ಬಣ್ಣದ ಪುಕ್ಕ, ಕಂದು ಮೊಟ್ಟೆ, ನಾಟಿಗೆ ಹತ್ತಿರದ ರೂಪ, ಆದರೆ ತೂಕ ಮತ್ತು ಮೊಟ್ಟೆ ಎರಡರಲ್ಲೂ ಮುಂದೆ. ಗಿರಿರಾಜ ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ, ಸ್ವರ್ಣಧಾರ 180ರ ಆಸುಪಾಸು ಇಡಬಲ್ಲದು. ಸ್ವರ್ಣಧಾರದ ಮೈ ಗಿರಿರಾಜಕ್ಕಿಂತ ಸ್ವಲ್ಪ ಹಗುರವಾದ್ದರಿಂದ ಬೆಕ್ಕು ನಾಯಿ ಬಂದಾಗ ಹಾರಿ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮಾಂಸದ ಕಡೆಗೂ, ಗ್ರಾಮಪ್ರಿಯ ಮೊಟ್ಟೆಯ ಕಡೆಗೂ ಒಲಿದ ತಳಿಗಳು. ಬೀದರ್, ಕಲಬುರಗಿ, ರಾಯಚೂರು ಭಾಗದವರಿಗೆ ಬೆಂಗಳೂರಿಗಿಂತ ಇವೇ ಹತ್ತಿರವಾಗಬಹುದು.

ಮೊಟ್ಟೆಯ ಈ ಸಂಖ್ಯೆಗಳನ್ನು ನೋಡಿ ನಾಟಿಯ ಮೂರು ಪಾಲು ಎಂದು ಸಂತೋಷಪಡುವ ಮೊದಲು, ಅವು ಆಹಾರ ಹಾಕಿ ಸಾಕಿದಾಗಿನ ಸಂಖ್ಯೆಗಳೆಂಬುದನ್ನು ಗಮನಿಸಬೇಕು. ಹತ್ತು ಹೇಂಟೆ ತಿಂಗಳಿಗೆ 150 ಮೊಟ್ಟೆ ಕೊಟ್ಟು, ಮೊಟ್ಟೆಗೆ 8 ರೂಪಾಯಿ ಸಿಕ್ಕರೆ 1,200 ರೂಪಾಯಿ. ಹೊರಗೆ ಮೇಯುವುದರ ಜೊತೆಗೆ ದಿನಕ್ಕೆ ಒಂದು ಕೋಳಿಗೆ 60 ಗ್ರಾಂ ಕೈತಿಂಡಿ ಎಂದರೆ ತಿಂಗಳಿಗೆ 18 ಕಿಲೋ. ಕಿಲೋಗೆ 30 ರೂಪಾಯಿಯಂತೆ 540 ರೂಪಾಯಿ. ಉಳಿಯುವುದು ಸುಮಾರು 660. ಕೈತಿಂಡಿ ನಿಲ್ಲಿಸಿದರೆ ಖರ್ಚಿನ ಜೊತೆ ಮೊಟ್ಟೆಯೂ ನಿಲ್ಲುತ್ತದೆ, ಮತ್ತು ಆಗ ಕೈಯಲ್ಲಿರುವುದು ನಾಟಿಗಿಂತ ಹೆಚ್ಚು ತಿನ್ನುವ, ನಾಟಿಯ ದರ ಸಿಗದ ಒಂದು ಕೋಳಿ. ಮನೆಯಲ್ಲೇ ರಾಗಿ, ಜೋಳ, ಮೆಕ್ಕೆಜೋಳದ ನುಚ್ಚು ಸಿಗುವ, ಇಲ್ಲವೇ ಹಿಟ್ಟಿನ ಗಿರಣಿಯ ಉದುರು ಕಾಳು ತಂದುಕೊಳ್ಳಬಲ್ಲ ಮನೆಗೆ ಈ ಲೆಕ್ಕ ಬಹಳ ಸುಧಾರಿಸುತ್ತದೆ.

ಎರಡನೆಯ ಮಿತಿ ಕಾವು. ಈ ಹೇಂಟೆಗಳು ನಾಟಿಯಂತೆ ನಂಬಿಕೆಯಿಂದ ಕಾವಿಗೆ ಕೂರುವುದಿಲ್ಲ. ನಾಟಿ ಹೇಂಟೆಯಡಿ ಇವುಗಳ ಮೊಟ್ಟೆ ಇಟ್ಟು ಮರಿ ಮಾಡಿಸಿದರೂ, ಇವು ಸಂಕರಗಳಾದ್ದರಿಂದ ಮುಂದಿನ ಪೀಳಿಗೆ ಅದೇ ಗುಣವನ್ನು ಉಳಿಸಿಕೊಳ್ಳುವುದಿಲ್ಲ. ಎಂದರೆ ಪ್ರತಿ ಬಾರಿ ಹೊಸ ಮರಿ ಕೊಳ್ಳಬೇಕು. ಒಂದು ದಿನದ ಮರಿ ಅಗ್ಗವಾಗಿ ಸಿಗುತ್ತದೆ, ಆದರೆ ಅದಕ್ಕೆ ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಬೇಕು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತಾ ಬರಬೇಕು. ರಾತ್ರಿ ಕರೆಂಟು ಹೋಗುವ ಊರಿನಲ್ಲಿ ಒಂದು ಚಳಿಯ ರಾತ್ರಿಗೇ ಅರ್ಧ ಮರಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಬಡ ಮನೆ ಐದಾರು ವಾರ ಬೆಳೆದ, ಲಸಿಕೆಯಾದ ಮರಿಯನ್ನೇ ಕೊಳ್ಳಬೇಕು, ಬೆಲೆ ಎರಡು ಮೂರು ಪಟ್ಟಾದರೂ ಸರಿ. ಈ ಎಳೆಮರಿಗಳನ್ನು ಬೆಳೆಸಿ ಹಂಚುವ ಕೆಲಸವನ್ನು ಊರಿಗೊಂದು ಮನೆ, ಕರೆಂಟು ಮತ್ತು ಮನೆಯಲ್ಲಿ ಸದಾ ಆಳು ಇರುವ ಮನೆ, ತಾಯಿ ಘಟಕದಂತೆ ವಹಿಸಿಕೊಂಡರೆ ಆ ಮನೆಗೂ ಅದು ಒಂದು ಕಸುಬಾಗುತ್ತದೆ.

ಗುತ್ತಿಗೆಯ ಬ್ರಾಯ್ಲರ್

ಈ ವ್ಯವಸ್ಥೆಯಲ್ಲಿ ಕಂಪನಿ ಮರಿ, ಆಹಾರ, ಔಷಧಿ ಕೊಡುತ್ತದೆ; ರೈತ ಶೆಡ್ಡು, ನೀರು, ಕರೆಂಟು, ಹೊಟ್ಟು ಮತ್ತು ದುಡಿಮೆ ಕೊಡುತ್ತಾನೆ; ಬೆಳೆದ ಕೋಳಿಯ ತೂಕಕ್ಕೆ ಕಿಲೋಗೆ ಕೆಲವು ರೂಪಾಯಿಯಂತೆ ಸಾಕಣೆ ದರ ಸಿಗುತ್ತದೆ. ಮಾರುಕಟ್ಟೆಯ ಏರಿಳಿತ ರೈತನಿಗೆ ತಟ್ಟುವುದಿಲ್ಲ ಎಂಬುದು ಇದರ ದೊಡ್ಡ ಆಕರ್ಷಣೆ, ಮತ್ತು ಅದು ಅರ್ಧ ನಿಜ. ಕೋಳಿಯ ಬೆಲೆ ಬಿದ್ದ ನಷ್ಟ ಕಂಪನಿಯದೇ. ಆದರೆ ಬೆಲೆ ಬಿದ್ದಾಗ ಮುಂದಿನ ಮರಿ ಬರುವುದು ತಡವಾಗುತ್ತದೆ, ಶೆಡ್ಡು ಖಾಲಿ ನಿಲ್ಲುತ್ತದೆ, ಬ್ಯಾಂಕಿನ ಕಂತು ಖಾಲಿ ಶೆಡ್ಡಿಗೂ ಬರುತ್ತದೆ. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಹರಡುತ್ತದೆಂಬ ಸುಳ್ಳು ಸುದ್ದಿಯೊಂದೇ ದರವನ್ನು ನೆಲಕಚ್ಚಿಸಿ, ಬದುಕಿದ್ದ ಕೋಳಿಗಳನ್ನು ಗುಂಡಿಗೆ ಹಾಕುವ ಸ್ಥಿತಿ ತಂದಿತ್ತು. ಹಕ್ಕಿಜ್ವರದ ಭಯ ಬೇರೆ. ದೇಶದಲ್ಲಿ ಮೊದಲ ಬಾರಿ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡ ಅದು 2012ರಲ್ಲಿ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರಂ ಅನ್ನೂ ಬಿಡಲಿಲ್ಲ.

ಬಂಡವಾಳದ ಗಾತ್ರ ನೋಡಿದರೆ ಈ ಆಯ್ಕೆ ಯಾರದ್ದೆಂದು ತಾನೇ ಹೇಳುತ್ತದೆ. ಕಂಪನಿಗಳು ಸಾಮಾನ್ಯವಾಗಿ ಸಾವಿರಾರು ಕೋಳಿಗಳ ಶೆಡ್ಡನ್ನೇ ಕೇಳುತ್ತವೆ, ಕೋಳಿಗೊಂದು ಚದರಡಿಗೆ ಕಡಿಮೆಯಿಲ್ಲದಂತೆ. 5,000 ಕೋಳಿಗೆ 5,000 ಚದರಡಿ, ಚದರಡಿಗೆ 250 ರೂಪಾಯಿ ಎಂದು ಕಡಿಮೆಯೇ ಹಿಡಿದರೂ ಹನ್ನೆರಡೂವರೆ ಲಕ್ಷ. ಕೊನೆಯ ವಾರದಲ್ಲಿ ಅಷ್ಟು ಕೋಳಿಗಳಿಗೆ ದಿನಕ್ಕೆ ಸಾವಿರ ಲೀಟರಿಗೂ ಮೇಲೆ ನೀರು ಬೇಕು, ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ನೂರಾರು ಕೋಳಿ ಉಸಿರುಗಟ್ಟುತ್ತವೆ. ಇಷ್ಟಕ್ಕೆ ಜಮೀನಿನ ಪತ್ರ ಒತ್ತೆಯಿಡಬೇಕಾದ ಮನೆಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ. ಐದಾರು ಎಕರೆ, ಖಚಿತ ನೀರು, ಮನೆಯಲ್ಲಿ ಇನ್ನೊಂದು ಸಂಬಳವಿರುವವರಿಗೆ ಇದು ಕೆಟ್ಟ ಕಸುಬಲ್ಲ. ಅಂಥವರ ಶೆಡ್ಡಿನ ಗೊಬ್ಬರವನ್ನು ಕೊಂಡು ಸೊಪ್ಪು ಬೆಳೆಯುವುದು ಬಡ ಮನೆಗೆ ಇದರಿಂದ ಆಗುವ ಹೆಚ್ಚಿನ ಉಪಯೋಗವಿರಬಹುದು.

ಬ್ರಾಯ್ಲರ್ ಬಡವರ ಕೈಗೆ ಎಟುಕಿದ ಉದಾಹರಣೆ ಇಲ್ಲವೆಂದಲ್ಲ. ಮಧ್ಯಪ್ರದೇಶದ ಕೇಸ್ಲಾದಲ್ಲಿ ಪ್ರದಾನ್ ಸಂಸ್ಥೆಯ ನೆರವಿನಿಂದ ಆದಿವಾಸಿ ಮಹಿಳೆಯರು ತಲಾ ಕೆಲವು ನೂರು ಬ್ರಾಯ್ಲರ್‌ಗಳನ್ನು ತಮ್ಮ ಮನೆಯ ಬಳಿಯೇ ಸಾಕಿ, ಮರಿ, ಆಹಾರ, ಔಷಧಿ, ಮಾರಾಟ ಇವೆಲ್ಲವನ್ನೂ ತಮ್ಮದೇ ಸಹಕಾರ ಸಂಘದ ಮೂಲಕ ನಡೆಸಿದರು. ಅಲ್ಲಿ ಸಣ್ಣ ಶೆಡ್ಡು ನಿಂತದ್ದು ಅದರ ಹಿಂದೆ ಸಂಘವಿದ್ದುದರಿಂದ. ಒಂಟಿ ಮನೆ ಮುನ್ನೂರು ಬ್ರಾಯ್ಲರ್ ಮರಿ ತಂದು, ಆಹಾರವನ್ನು ಅಂಗಡಿಯ ದರಕ್ಕೆ ಕೊಂಡು, 42ನೆಯ ದಿನ ದಲ್ಲಾಳಿ ಹೇಳಿದ ದರಕ್ಕೆ ಕೊಡುವುದು ಬೇರೆಯೇ ಮಾತು. ಬ್ರಾಯ್ಲರ್ ಕಾಯುವುದಿಲ್ಲ, ಒಂದು ವಾರ ಹೆಚ್ಚು ಇಟ್ಟುಕೊಂಡರೆ ತಿಂದದ್ದೇ ಲಾಭವನ್ನು ನುಂಗುತ್ತದೆ.

ಸೊಪ್ಪು, ಹೂವು, ನುಗ್ಗೆ

ನೀರಿದ್ದರೆ ಮಾತ್ರ ಈ ಭಾಗ ಓದಬೇಕು. ಐದು ಗುಂಟೆ, ಎಂದರೆ ಎಕರೆಯ ಎಂಟನೆಯ ಒಂದು ಭಾಗ, ಸೊಪ್ಪಿಗೆ ಸಾಕು, ಅದಕ್ಕಿಂತ ಹೆಚ್ಚನ್ನು ಒಂದು ಮನೆಯ ಕೈಗಳು ಕೊಯ್ದು ಕಟ್ಟಿ ಸಾಗಿಸಲಾರವು. ಐದು ಗುಂಟೆಯನ್ನು ಒಮ್ಮೆಗೇ ಬಿತ್ತದೆ, ವಾರಕ್ಕೊಂದು ಗುಂಟೆಯಂತೆ ಬಿತ್ತಿದರೆ ತಿಂಗಳು ಕಳೆದ ಮೇಲೆ ವಾರವಾರವೂ ಒಂದು ಮಡಿ ಕೊಯ್ಲಿಗಿರುತ್ತದೆ, ವಾರದ ಕಂತಿಗೆ ಸರಿಹೊಂದುವ ಏಕೈಕ ಕಸುಬೂ ಇದೇ. ಕೊತ್ತಂಬರಿಯ ದರ ಒಂದೇ ತಿಂಗಳಲ್ಲಿ ಕಟ್ಟಿಗೆ ಮೂವತ್ತರಿಂದ ಎರಡಕ್ಕೆ ಇಳಿಯುವುದುಂಟು. ಆದ್ದರಿಂದ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್ ಬೆರೆತಿರಲಿ. ಪೇಟೆಯ ಮಂಡಿಗೆ ಹಾಕುವುದಕ್ಕೂ ಹತ್ತು ಕಿಲೋಮೀಟರಿನೊಳಗಿನ ಸಂತೆಯಲ್ಲಿ ತಾವೇ ಕೂತು ಮಾರುವುದಕ್ಕೂ ಸಿಗುವ ದರದಲ್ಲಿ ಅರ್ಧಕ್ಕರ್ಧ ವ್ಯತ್ಯಾಸವಾಗಬಹುದು, ಆದರೆ ಸಂತೆಯಲ್ಲಿ ಕೂರುವ ಆ ದಿನದ ಕೂಲಿಯನ್ನೂ ಖರ್ಚಿಗೆ ಬರೆಯಬೇಕು.

ಹೂವಿನಲ್ಲಿ ಕೈಹಿಡಿದ ಒಂದು ಪದ್ಧತಿ ಕರಾವಳಿಯಲ್ಲಿದೆ. ಉಡುಪಿ ಸೀಮೆಯ ಶಂಕರಪುರ ಮಲ್ಲಿಗೆಯನ್ನು ಅಂಗಳದ ಕೆಲವು ಗಿಡಗಳಿಂದಲೇ ಬಿಡಿಸಿ, ಮನೆಯಲ್ಲೇ ಕಟ್ಟಿ, ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರುವ ಮನೆಗಳು ಬಹಳ; ದರ ದಿನದಿನಕ್ಕೆ ಗೊತ್ತಾಗುತ್ತದೆ, ಮದುವೆ ಮತ್ತು ದೈವಗಳ ನೇಮದ ಕಾಲದಲ್ಲಿ ಹಲವು ಪಟ್ಟಾಗುತ್ತದೆ. ಗಿಡಗಳ ಸಂಖ್ಯೆಗಿಂತ ಆ ವ್ಯವಸ್ಥೆಯನ್ನು ನಿಲ್ಲಿಸಿರುವುದು ದಿನವೂ ಹೂವು ಎತ್ತಿಕೊಂಡು ಹೋಗುವ ಕಟ್ಟೆಗಳ ಜಾಲ. ಬಯಲುಸೀಮೆಯಲ್ಲಿ ಕನಕಾಂಬರ, ಕಾಕಡ ಹಾಕುವವರು ಮೊದಲು ನೋಡಬೇಕಾದದ್ದೂ ಬೆಳಗಿನ ಬಸ್ಸಿಗೆ ಹೂವು ಏರಿಸಿಕೊಳ್ಳುವವರಿದ್ದಾರೆಯೇ ಎಂಬುದನ್ನು.

ನೀರು ಕಡಿಮೆಯಿದ್ದರೆ ನುಗ್ಗೆ. ಹತ್ತಿಪ್ಪತ್ತು ಗಿಡ ಬದುವಿನ ಮೇಲೆ ನಿಲ್ಲುತ್ತವೆ, ರಾಗಿಯನ್ನು ಕೆಡಿಸುವುದಿಲ್ಲ, ಪಾತ್ರೆ ತೊಳೆದ ನೀರಿಗೂ ಒಲಿಯುತ್ತವೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಪರಿಚಿತ. ನೀರೇ ಇಲ್ಲದವರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲನ್ನು ಬಿಡದಿರುವುದೇ ಒಂದು ಆದಾಯ. ಅದೇ ಹೊಲದ ಉದುರು ಕಾಳು ಕೋಳಿಗೂ ಆಗುತ್ತದೆ. ಕೋಳಿ ಮತ್ತು ಸೊಪ್ಪು ಎರಡನ್ನೂ ಇಟ್ಟುಕೊಳ್ಳುವುದಾದರೆ ಮಡಿಗೆ ಬೇಲಿ ಮೊದಲು, ಬೀಜ ಆಮೇಲೆ.

ಮೇಕೆಯ ಬಗ್ಗೆ ಎರಡು ಮಾತು ಸಾಕು. ಮೇಯಲು ಗೋಮಾಳವೋ ಬಂಜರೋ ಉಳಿದಿರುವ ಊರಿನಲ್ಲಿ, ಮೇಯಿಸಲು ಒಬ್ಬ ಮುದುಕರಾದರೂ ಇರುವ ಮನೆಗೆ, ಎರಡು ಹೆಣ್ಣು ಮೇಕೆ ಈ ಮೇಲಿನ ಎಲ್ಲಕ್ಕಿಂತ ನಂಬಿಕಸ್ಥ ಆಸ್ತಿ. ಕೈಯಲ್ಲಿ ಹಣವಿಲ್ಲದಿದ್ದರೆ ಉಳ್ಳವರ ಮೇಕೆಯನ್ನು ಪಾಲಿಗೆ ಸಾಕುವುದರಿಂದ ಆರಂಭಿಸಬಹುದು.

ಯಾವ ಮನೆಗೆ ಯಾವುದು

ಜಮೀನೂ ನೀರೂ ಇಲ್ಲದ, ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವ ಮನೆಗೆ ನಾಲ್ಕೈದು ನಾಟಿ ಹೇಂಟೆ, ಒಂದು ಭದ್ರವಾದ ಗೂಡು, ಒಂದು ಲಸಿಕೆಯ ದಿನ. ಇದಕ್ಕಿಂತ ಹೆಚ್ಚನ್ನು ಮೊದಲ ವರ್ಷ ಹೊರಿಸಬಾರದು. ಹಗಲು ಮನೆಯಲ್ಲಿ ಯಾರಾದರೂ ಇದ್ದು, ರಾಗಿ ಜೋಳದ ನುಚ್ಚು ಮನೆಯಲ್ಲೇ ಸಿಗುವ, ಶಾಲೆ, ಅಂಗಡಿ, ಹೋಟೆಲ್ ಇರುವ ಊರಿನ ಹತ್ತಿರದ ಮನೆಗೆ ಹತ್ತು ಹದಿನೈದು ಸ್ವರ್ಣಧಾರ ಅಥವಾ ಗ್ರಾಮಪ್ರಿಯ ಹೊಂದುತ್ತದೆ, ಆದರೆ ನಾಟಿಯನ್ನು ಪೂರ್ತಿ ಬಿಟ್ಟು ಅಲ್ಲ. ಕೃಷಿಹೊಂಡವೋ ಪಾಲಿನ ಬೋರ್‌ವೆಲ್ಲೋ ಇರುವ ಮನೆ ಐದು ಗುಂಟೆ ಸೊಪ್ಪಿನಿಂದ ಆರಂಭಿಸಿ, ಅದರ ಹಣದಿಂದ ಕೋಳಿಗೆ ಬರುವುದು ಸರಿಯಾದ ಕ್ರಮ. ಕೋಳಿಯಿಂದ ಸೊಪ್ಪಿಗೆ ಹೋಗುವ ದಾರಿ ಉದ್ದ. ವಯಸ್ಸಾದವರೊಬ್ಬರೇ ಇರುವ ಮನೆಗೆ ಸೊಪ್ಪು ಬೇಡ, ಬಾಗಿ ಕೊಯ್ಯುವ ಕೆಲಸ ಹೆಚ್ಚು. ನುಗ್ಗೆ ಮತ್ತು ನಾಟಿ ಸಾಕು.

ನೆರವು ಕೊಡುವವರಿಗೆ, ಸಂಘವಾಗಲಿ, ಪಂಚಾಯಿತಿಯಾಗಲಿ, ಊರು ಬಿಟ್ಟು ನಗರದಲ್ಲಿ ನೆಲೆಸಿ ತವರಿನ ನಾಲ್ಕು ಮನೆಗಳಿಗೆ ಏನಾದರೂ ಮಾಡಬೇಕೆಂದಿರುವವರಾಗಲಿ, ಆಯ್ಕೆ ಬೇರೆ ರೀತಿಯದು. ರಾಷ್ಟ್ರೀಯ ಜಾನುವಾರು ಮಿಷನ್ ಅನ್ನು 2021ರಲ್ಲಿ ಪರಿಷ್ಕರಿಸಿದ ಮೇಲೆ ಗ್ರಾಮೀಣ ಕೋಳಿ ಉದ್ಯಮಕ್ಕೆ ಶೇಕಡಾ 50ರ ಸಹಾಯಧನವಿದೆ, ಮಿತಿ 25 ಲಕ್ಷ ರೂಪಾಯಿ. ಆದರೆ ಅದು ಸಾವಿರ ತಾಯಿಕೋಳಿ ಮತ್ತು ಮರಿ ಮಾಡುವ ಯಂತ್ರದ ಘಟಕಕ್ಕೆ. ಬಡ ಮನೆ ಅದಕ್ಕೆ ಅರ್ಜಿ ಹಾಕುವುದು ಸುಮ್ಮನೆ ಓಡಾಟ. ಹೋಬಳಿಗೊಬ್ಬ ಓದಿದ ಯುವಕನೋ ಒಂದು ಒಕ್ಕೂಟವೋ ಅದನ್ನು ಪಡೆದು, ಸುತ್ತಲಿನ ಮನೆಗಳಿಗೆ ಬೆಳೆದ ಮರಿ ಕೊಟ್ಟರೆ ಉಪಯೋಗ. ನೇರವಾಗಿ ಮನೆಗೆ ಕೊಡುವುದಾದರೆ ಮರಿಗಿಂತ ಗೂಡಿಗೆ, ಮಂಕರಿಗೆ, ಲಸಿಕೆಯ ಸಾಗಾಟಕ್ಕೆ ಹಣ ಹಾಕುವುದು ಲೇಸು. ಮರಿಯನ್ನೇ ಕೊಡಬೇಕೆಂದರೆ ನಾಟಿ ಹೇಂಟೆಮರಿ ಕೊಟ್ಟು, ಮುಂದಿನ ಕಾವಿನಲ್ಲಿ ಎರಡು ಹೇಂಟೆಮರಿಯನ್ನು ಇನ್ನೊಂದು ಮನೆಗೆ ದಾಟಿಸುವ ಕರಾರು ಮಾಡಿಕೊಳ್ಳಬಹುದು. ಹಾಗೆ ದಾಟಿಸುವ ಮರಿಗೆ ಆರನೆಯ ವಾರ ಆಗಿರಬೇಕು, ಎರಡು ಸುತ್ತು ಲಸಿಕೆ ಬಿದ್ದಿರಬೇಕು, ಮತ್ತು ತೆಗೆದುಕೊಳ್ಳುವ ಮನೆಯಲ್ಲಿ ಗೂಡಿನ ಬಾಗಿಲಿಗೆ ಅಗುಳಿ ಇದೆಯೇ ಎಂದು ಕೊಡುವವರೇ ಹೋಗಿ ನೋಡಿ ಬಂದಿರಬೇಕು.